ಬೋರ್ಡಿನ ಮೇಲಿದ್ದ ನಾಲ್ಕು ಗಂಟೆ

ಮಂಗಳವಾರ, ಜೂನ್ 11

ಮಧ್ಯಾಹ್ನ ಮೂರಕ್ಕೆ ಹೆಡ್ ಸಿಸ್ಟರ್ ಒದ್ದೆ ಬಟ್ಟೆ ತಂದು ವಾರ್ಡಿನಲ್ಲಿದ್ದ ನನ್ನ ಬೋರ್ಡನ್ನು ಒರೆಸಿಹಾಕಿದರು. ಅದೂ ರೋಗಿಗಳ ಎದುರಿಗೇ. "ಇದು ಆಸ್ಪತ್ರೆ ಕಣಮ್ಮ, ಬಸ್ ಸ್ಟ್ಯಾಂಡ್ ಅಲ್ಲ" ಅಂದರು. ಇನ್ನೂ ಮೈ ಉರಿಯುತ್ತಿದೆ.

ನಾನು ಬರೆದಿದ್ದು ಒಂದೇ ಸಾಲು: "ಸಿಸ್ಟರ್ ಮತ್ತೆ ಬರುವುದು ನಾಲ್ಕು ಗಂಟೆಗೆ." ನನ್ನ ತಮ್ಮ ಕಾಲೇಜಿನಲ್ಲಿ ಕ್ಯೂಗಳ ಗಣಿತ, ಅಂದರೆ ಜನ ಸಾಲಿನಲ್ಲಿ ಕಾಯುವುದರ ಲೆಕ್ಕ, ಓದುತ್ತಾನೆ, ಅವನ ಪುಸ್ತಕದಿಂದ ಕದ್ದ ಉಪಾಯ. ಎಷ್ಟು ಹೊತ್ತು ಕಾಯಬೇಕೆಂದು ಗೊತ್ತಿಲ್ಲದವರಿಗೆ ಹತ್ತು ನಿಮಿಷವೂ ಯುಗವಾಗುತ್ತದಂತೆ. ನಮ್ಮ ವಾರ್ಡಿನಲ್ಲಿ ಬೆಲ್ ಒತ್ತಿ ನರ್ಸನ್ನು ಕರೆಯುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಮಾತ್ರೆ ಬೇಕಿರುವುದಿಲ್ಲ, ನಾವು ಬರುತ್ತೇವೆಂಬ ಧೈರ್ಯ ಬೇಕಿರುತ್ತದೆ. ಹೋದ ವಾರ ನನ್ನ ಪಾಳಿಯಲ್ಲಿ ದಿನಕ್ಕೆ ನಲವತ್ತು ಬೆಲ್. ನಿನ್ನೆ ಬೋರ್ಡ್ ಬರೆದ ಮೇಲೆ ಹತ್ತೊಂಬತ್ತೇ.

ಈ ಲೆಕ್ಕ ಬರೆದಿಟ್ಟ ಚೀಟಿಯನ್ನು ಹೆಡ್ ಸಿಸ್ಟರಿಗೆ ತೋರಿಸಿ, ತಮ್ಮನ ಪುಸ್ತಕದ ಮಾತೂ ಹೇಳಿದೆ. ಕಣ್ಣೆತ್ತಿಯೂ ನೋಡಲಿಲ್ಲ.

"ಟಿಕೆಟ್ ಕೌಂಟರಿನ ಲೆಕ್ಕ ತಂದು ಹಾಸಿಗೆ ಹಿಡಿದವರಿಗೆ ಹಾಕ್ತೀಯಾ?"

ಹಾಕುತ್ತೇನೆ! ಕಾಯುವವರು ಎಲ್ಲಿದ್ದರೂ ಕಾಯುವವರೇ.

ಒರೆಸಿದ ಹತ್ತೇ ನಿಮಿಷಕ್ಕೆ ಬೆಲ್‌ಗಳು ಶುರುವಾದವು. ನನಗೆ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಲಿ. ಆದರೆ ಎಲ್ಲರಿಗಿಂತ ಹೆಚ್ಚು ಬೆಲ್ ಒತ್ತುತ್ತಿದ್ದ ಆರನೇ ಬೆಡ್ಡಿನ ಅಜ್ಜಿಯದು ಸದ್ದೇ ಇಲ್ಲ. ಸೊಂಟ ಮುರಿದುಕೊಂಡು ಮಲಗಿದವರು. ಅವರ ಬೆಡ್ಡಿನ ಬಳಿಗೆ ಓಡಿದೆ.

"ಯಾಕಜ್ಜಿ, ಏನೂ ಬೇಡ್ವಾ?"

"ನಾಲ್ಕಕ್ಕೆ ಬರ್ತೀನಿ ಅಂತ ಬರೆದಿದ್ಯಲ್ಲಮ್ಮ. ಅವರು ಬೋರ್ಡ್ ಒರೆಸಿದ್ರೆ ನೀನು ಬರೋದು ನಿಂತುಹೋಗುತ್ತಾ?"

ನಾಳೆ ಇನ್ನೂ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಎಷ್ಟು ಬಟ್ಟೆ ತರುತ್ತಾರೋ ತರಲಿ.