ದಡ್ಡಿಯಿಂದ ದೂರಿಲ್ಲ

ಜುಲೈ 3, ಗುರುವಾರ

ಮತ್ತೆ ಅದೇ ಗೋಳು. ಗೋಕಾಕ, ಮೂಡಲಗಿ, ಹುಕ್ಕೇರಿ — ಮೂರೂ ತಾಲ್ಲೂಕಿನ ಕುಡಿಯುವ ನೀರಿನ ದೂರೆಲ್ಲ ಮೆಸೇಜಾಗಿ ನಮ್ಮ ಆಫೀಸಿಗೇ. ದೂರು ಕಳಿಸುವ ಟ್ರೇನಿಂಗಿನಲ್ಲಿ ಕಲಿಸಿದ ಟೆಸ್ಟ್ ಮೆಸೇಜನ್ನು ಮೇಲವಂಕಿ, ದಡ್ಡಿಯ ಜನ ಇನ್ನೂ ಬಿಟ್ಟಿಲ್ಲ. ಬೆಳಗಾದರೆ 'ಟೆಸ್ಟ್ ಮೇಲವಂಕಿ', 'ಟೆಸ್ಟ್ ದಡ್ಡಿ'. ತಲೆ ಚಿಟ್ಟು ಹಿಡಿಯಿತು. ಒಂದು ಸಾಲು ರೆಜೆಕ್ಸ್, ಅಂದರೆ ಪದ ಹುಡುಕುವ ಸೂತ್ರ, ಬರೆದೆ. ಇಂಥ ಪದ ಕಂಡರೆ ಆ ಮೆಸೇಜನ್ನು ಎತ್ತಿ ಕಸದ ಫೋಲ್ಡರಿಗೆ ಹಾಕು ಅಂತ:

ಟೆಸ್ಟ್ ಮೇಲವಂಕಿ|ದಡ್ಡಿ

ನಡುವಿನ ಗೀಟು ಅಂದರೆ 'ಅಥವಾ'. ಎರಡೂ ಊರಿನ ಟೆಸ್ಟ್ ಕಳಿಸಿ ನೋಡಿದೆ. ಎರಡೂ ಸೀದಾ ಕಸಕ್ಕೆ. ನಮ್ಮ ಆಫೀಸಿನ ಸಾಹೇಬರು ಉಮೇಶ ಸರ್ ಭೇಷ್ ಅಂದರು. ನಾನೇನು ಕಡಿಮೆಯೇ!

ಜುಲೈ 11

ವಾರದ ದೂರಿನ ಬೋರ್ಡಿನಲ್ಲಿ ಮಮದಾಪುರ 6, ಮೇಲವಂಕಿ 4, ದಡ್ಡಿ 0. ಮಳೆಗಾಲದಲ್ಲಿ ಸೊನ್ನೆ! ಹೊಳೆ ದಂಡೆಯ ಊರು ಬೇರೆ. "ಅರ್ಚನಾ, ಆ ಊರಿನ ನೀರಗಂಟಿಗೆ ಒಂದ್ ಶಾಲು ಹಾಕೂಣು," ಅಂದರು ಸರ್. ಯಾಕೋ ವಿಚಿತ್ರ ಅನ್ನಿಸಿತು... ಇರಲಿ, ಚಲೋ ಸುದ್ದಿಗೂ ಅನುಮಾನವೇ?

ಜುಲೈ 14, ಸಂಜೆ

ದಡ್ಡಿಯಿಂದ ತಂಗಿ ಸಪ್ನಾಳ ಫೋನು. ಮಗಳು ಕಾಜಲ್‌ಗೆ ಭೇದಿಯಂತೆ. ಎರಡು ವರ್ಷದ ಕೂಸು.

"ಅಕ್ಕಾ, ನಳದ ನೀರು ಒಂದ್ ನಮೂನಿ ವಾಸನಿ ಬರಾಕತ್ತೈತಿ. ಕ್ಯಾನ್ ನೀರು ತರಿಸಾಕತ್ತೇನಿ."

"ಆ ಕ್ಯಾನ್ ಎಲ್ಲಿ ತುಂಬತಾರೋ ಏನೋ. ನಿಮ್ಮೂರಿಂದ ಒಂದೂ ಕಂಪ್ಲೇಂಟ್ ಇಲ್ಲ. ನಳದ್ದೇ ಕುಡಸು."

"ನೀ ಹೇಳಿದ ಮ್ಯಾಲೆ ಮುಗೀತು ಬಿಡು."

ಪಾಪ, ಚಿಕ್ಕಂದಿನಿಂದಲೂ ನನ್ನ ಮಾತನ್ನು ಕಣ್ಣು ಮುಚ್ಚಿ ನಂಬುತ್ತಾಳೆ.

ಜುಲೈ 18, ಮಧ್ಯಾಹ್ನ

ಶಾಲಿನ ಸುದ್ದಿ ಹೇಳಲು ಸರ್ ದಡ್ಡಿಯ ನೀರಗಂಟಿ ಸತ್ತೆಪ್ಪನಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಆತ ಬೆಂಕಿಯಾದ.

"ಚ್ಯಾಷ್ಟಿ ಮಾಡ್ತೀರೇನ್ರಿ? ಪೈಪ್ ಒಡದು ಗಟಾರದ ನೀರು ಕೂಡಾಕತ್ತೈತಿ ಅಂತ ಊರ ಮಂದಿಯೆಲ್ಲಾ ಮೆಸೇಜ್ ಹಾಕೇವಿ. ಯಾರೂ ಬಂದಿಲ್ಲ. ಮನಿಗೊಬ್ರು ಮಲಗ್ಯಾರ!"

ಕಸದ ಫೋಲ್ಡರ್ ತೆರೆದೆ. ದಡ್ಡಿ ನೀರು ಕೆಟ್ಟೈತಿ. ದಡ್ಡಿ ಪೈಪ್ ಒಡದೈತಿ. ದಡ್ಡಿ, ದಡ್ಡಿ, ದಡ್ಡಿ... ಕೆಳಗೆ ಸರಿಸಿದಷ್ಟೂ ಇವೆ.

ಕಂಸ ಹಾಕಿಲ್ಲ ನಾನು. ಪಕ್ಕಪಕ್ಕದ ಅಕ್ಷರಗಳು ಮೊದಲು ಒಂದಾಗುತ್ತವೆ, ಗೀಟಿನ ಸರದಿ ಎಲ್ಲಕ್ಕಿಂತ ಕೊನೆಗೆ. 'ಟೆಸ್ಟ್' ಮೇಲವಂಕಿಗಷ್ಟೇ ಅಂಟಿಕೊಂಡಿತು. ಈಚೆಗೆ ಬರೀ 'ದಡ್ಡಿ' ಉಳಿಯಿತು — ಆ ಹೆಸರಿದ್ದ ಮೆಸೇಜೆಲ್ಲ ಕಸ. ಬರೆಯಬೇಕಿದ್ದದ್ದು:

ಟೆಸ್ಟ್ (ಮೇಲವಂಕಿ|ದಡ್ಡಿ)

ಸಪ್ನಾ ಫೋನು ಎತ್ತುತ್ತಿಲ್ಲ. ಅವಳ ಗಂಡನಿಗೆ ಹಚ್ಚಿದೆ.

ಅದೇ ದಿನ, ನಾಲ್ಕು ಗಂಟೆ

ಹುಕ್ಕೇರಿ ಬಸ್ಸು. ಮೊಬೈಲಿನಲ್ಲೇ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ಕಾಜಲ್ ಅಲ್ಲಿನ ದವಾಖಾನೆಯಲ್ಲಿದ್ದಾಳೆ ಅಂತ ಸಪ್ನಾಳ ಗಂಡ ಹೇಳಿದರು. ಸಲೈನ್ ಹಚ್ಚಿದ್ದಾರಂತೆ. ಈಗಷ್ಟೇ ಸಪ್ನಾ ಫೋನಿಗೆ ಸಿಕ್ಕಳು.

"ಕಣ್ಣು ತಗದಾಳಕ್ಕ. ನೀರು ಬೇಡಾಕತ್ತಾಳ. ಊರ ಮಂದಿ ನೀರು ಕೆಟ್ಟೈತಿ ಅಂತಾರ, ಖರೆ ನೀ ಹೇಳೀಯಲ್ಲ... ನಮ್ಮ ನಳದ್ದೇ ಬಾಟ್ಲಿ ತುಂಬಿ ತಂದೇನಿ. ತಡಿ, ಕುಡಸಿ ಮಾತಾಡ್ತೇನಿ."

ಬೇಡ ಅನ್ನುವಷ್ಟರಲ್ಲಿ ಕಟ್.

ಮತ್ತೆ ಹಚ್ಚಿದೆ. ರಿಂಗ್ ಆಗುತ್ತಿದೆ. ಎತ್ತು, ಸಪ್ನಾ. ಎತ್ತು. ಆ ಬಾಟ್ಲಿ ಕುಡಿಸಬೇಡ—