ಎಡಗೈ ಕ್ಲಿಪ್ಪು ಬಲಗೈಗೆ

ಅಕ್ಕಾ,

ಇವತ್ತು ನಮ್ಮ ಇಸಿಜಿ ಕೋಣೆಗೆ ನಿನ್ನ ವಯಸ್ಸಿನ ಹೆಂಗಸೊಬ್ಬರು ಬಂದಿದ್ದರು. ಮಲಗುತ್ತಲೇ, "ಏನಿಲ್ಲಪ್ಪ, ಬರೀ ಗ್ಯಾಸು. ಮನೆಯವ್ರು ಸುಮ್ನೆ ಗಾಬರಿ ಬೀಳ್ತಾರೆ" ಅಂದರು. ನಾನು ಎಡಗೈ ಕ್ಲಿಪ್ಪನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಹಾಕಿದೆ. ಗೆರೆ ತಲೆಕೆಳಗಾಗಿ ಬಂತು. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ" ಎಂದು ಡಾಕ್ಟರು ಕಾಗದ ವಾಪಸು ಕೊಟ್ಟರು.

ಕೆಲಸ ಕಲಿಯುವಾಗ ನಿನ್ನನ್ನು ಮಲಗಿಸಿಕೊಂಡೂ ಹೀಗೇ ಮಾಡಿದ್ದೆ. "ನನ್ನೆದೆ ನೆಟ್ಟಗಿದೆ, ನಿನ್ನ ಕ್ಲಿಪ್ಪು ನೋಡ್ಕೋ ಮೊದ್ಲು" ಅಂದಿದ್ದೆ ನೀನು.

ಹೋದ ವರ್ಷ ಎದೆ ಭಾರ ಅಂತ ನೀನು ಫೋನ್ ಮಾಡಿದಾಗ, ಗ್ಯಾಸಿರಬೇಕು, ಭಾನುವಾರ ಬರ್ತೀನಿ ಅಂದೆ ನಾನು. ಶನಿವಾರವೇ ಬರಬೇಕಾಯಿತು, ನಿನ್ನ ಮಣ್ಣಿಗೆ.

ಇವತ್ತು ಆ ಹೆಂಗಸಿಗೆ ಕ್ಲಿಪ್ಪು ಬದಲಿಸಿ ಮತ್ತೆ ತೆಗೆದೆ. ಗೆರೆ ಚೆನ್ನಾಗಿತ್ತು. ಅವರು ಎದ್ದು ಕೂತರು.

"ಇನ್ನೊಂದ್ಸಲ ಮಲಗಿ ಅಕ್ಕಾ."

"ಯಾಕಪ್ಪ, ಸರಿ ಬರ್ಲಿಲ್ವಾ?"

"ಬಂತು" ಅಂದೆ. ಮೂರನೆಯದನ್ನೂ ತೆಗೆದೆ.