ಎರಡೂ ಕಡೆ ಜಗ್ಗಿದರೆ ಮಾತ್ರ

ಸತ್ಯನಾರಾಯಣಪೇಟೆ, ಬಳ್ಳಾರಿ
೧೮ ಫೆಬ್ರವರಿ ೧೯೫೨

ಪ್ರೀತಿಯ ಅಣ್ಣಾ,

ಕೆಂಚನಗುಡ್ಡದಲ್ಲಿ ಎಲ್ಲರೂ ಹೇಗಿದ್ದೀರಿ? ಅವ್ವನ ಮಂಡಿನೋವು ಇಳಿಯಿತೇ? ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕಣ್ಣು ಪೂರ್ತಿ ಹೋಯಿತು. ನಾನು ಹೇಳುತ್ತೇನೆ, ಅಂಬಮ್ಮ ಬರೆಯುತ್ತಾಳೆ. ಮೂರನೆಯ ತರಗತಿಗೆ ಸಾಲಿ ಬಿಟ್ಟ ನನ್ನ ಹೆಂಡತಿ ಒತ್ತಕ್ಷರ ಬಂದಲ್ಲೆಲ್ಲ ಪೆನ್ನು ಕಚ್ಚುತ್ತಾಳೆ. ಇದನ್ನೂ ಬರಿ ಎಂದು ಗದರಿದೆ, ಬರೆದಳು.

ತಲೆಯಲ್ಲಿ ಗಡ್ಡೆ ಇದೆಯೆಂದು ಮದರಾಸಿನ ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ಎಲ್ಲಿದೆ ಎಂಬುದು ಎಕ್ಸ್‌ರೇಗೂ ಸಿಗಲಿಲ್ಲ. ಜಾಗ ತಿಳಿಯದೆ ತಲೆ ತೆರೆಯುವುದಿಲ್ಲ ಎಂದುಬಿಟ್ಟರು. ಹನ್ನೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನ ಸಂಕಟ ನೋಡು, ಅದನ್ನು ಹುಡುಕುವ ದಾರಿ ನನಗೆ ಗೊತ್ತಿದೆ. ಕಣ್ಣು ಕಾಣುವಾಗ ಕೊನೆಗೆ ಓದಿದ್ದೇ ಅದನ್ನು. ಗಡ್ಡೆಯಲ್ಲಿ ಹೆಚ್ಚಾಗಿ ಸೇರಿಕೊಳ್ಳುವ ಒಂದು ಮದ್ದನ್ನು ನರಕ್ಕೆ ಚುಚ್ಚುತ್ತಾರೆ. ಅದರಿಂದ ಪಾಸಿಟ್ರಾನ್ ಎಂಬ ಕಣ ಹೊರಬೀಳುತ್ತದೆ. ಎಲೆಕ್ಟ್ರಾನಿನ ತದ್ರೂಪು, ವಿದ್ಯುತ್ತು ಮಾತ್ರ ತಿರುವುಮುರುವು. ಎರಡೂ ಕೂಡಿದವೆಂದರೆ ಎರಡೂ ಇಲ್ಲವಾಗುತ್ತವೆ. ಇದ್ದ ತೂಕವೆಲ್ಲ ಸಮ ಶಕ್ತಿಯ ಎರಡು ಕಿರಣಗಳಾಗಿ, ಒಂದಕ್ಕೊಂದು ಬೆನ್ನು ಮಾಡಿ ಓಡುತ್ತದೆ. ತಲೆಯ ಆಚೆಗೊಂದು ಈಚೆಗೊಂದು ಕಿರಣ ಎಣಿಸುವ ಯಂತ್ರ ಇಡುತ್ತಾರೆ. ಎರಡೂ ಒಂದೇ ಕ್ಷಣಕ್ಕೆ ಟಿಕ್ ಎಂದರೆ ಮಾತ್ರ ಲೆಕ್ಕ. ಆಗ ಕಿರಣ ಹುಟ್ಟಿದ ಜಾಗ ಆ ಎರಡರ ನಡುವಿನ ಗೆರೆಯ ಮೇಲೆಯೇ ಇರಬೇಕು. ಯಂತ್ರಗಳನ್ನು ಸರಿಸುತ್ತ ಹೋದರೆ, ಲೆಕ್ಕ ಹೆಚ್ಚಿದಲ್ಲಿ ಗಡ್ಡೆ.

ಅವ್ವನ ತಾಮ್ರದ ಕೊಡ ಹೊಳೆಯ ಮಡುವಿಗೆ ಬಿದ್ದಾಗ ನೀನು ಆ ಕಡೆ, ನಾನು ಈ ಕಡೆ ನಿಂತು ಹಗ್ಗ ಮುಳುಗಿಸಿ ಎಳೆದದ್ದು ನೆನಪಿದೆಯೇ? ನನ್ನೊಬ್ಬನ ಕೈಗೆ ಜಗ್ಗಿದರೆ ನೀನು, "ಅದು ಪಾಚಿ ಐತಿ, ಬಿಡಲೇ" ಎನ್ನುತ್ತಿದ್ದೆ. ಇಬ್ಬರ ಕೈಗೂ ಒಟ್ಟಿಗೆ ಜಗ್ಗಿದಾಗಲೇ ಕೊಡ ಸಿಕ್ಕಿದ್ದು. ಇದೂ ಅಷ್ಟೇ.

ಆ ಪ್ರಯೋಗ ನಡೆಸಿದ ಅಮೇರಿಕದ ಆಸ್ಪತ್ರೆಗೆ ಡಿಸೆಂಬರಿನಲ್ಲೇ ಬರೆದಿದ್ದೇನೆ. ಪೋಸ್ಟಿನ ಸುಂಕಪ್ಪನ ಸೈಕಲ್ ಗಂಟೆ ಕೇಳಿದರೆ ಕೂತಲ್ಲೇ ಎದ್ದು ನಿಲ್ಲುತ್ತೇನೆ. ಅಂಬಮ್ಮ ಬಾಗಿಲಿಗೆ ಹೋಗಿ ಬಂದು, "ಇವತ್ತೂ ಇಲ್ರಿ" ಎನ್ನುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ ಅಣ್ಣಾ, ನನಗೆ ಹೆದರಿಕೆಯಾಗುತ್ತದೆ. ಆ ಒಂದು ಕಾಗದ ಬಿಟ್ಟರೆ ಕಾಯಲು ಬೇರೇನೂ ಉಳಿದಿಲ್ಲ. ಬಂದ ದಿನವೇ ತಂತಿ ಕೊಡುತ್ತೇನೆ. ಅಲ್ಲಿಯವರೆಗೆ ಸುಗ್ಗಿ ಬಿಟ್ಟು ಬರಬೇಡ.

ಅವ್ವನ ಪಾದಕ್ಕೆ ನನ್ನ ತಲೆ ಮುಟ್ಟಿಸಿದೆನೆಂದು ಹೇಳು. ಮಕ್ಕಳ ಕೆನ್ನೆ ಹಿಂಡು.

ನಿನ್ನ ತಮ್ಮ,
ಗಾದೆಪ್ಪ

ತಾ.ಕ.: ಬಾವನವರಿಗೆ ಅಂಬಮ್ಮನ ಶರಣು. ಇದು ನಿಮ್ಮ ತಮ್ಮ ಹೇಳಿದ್ದಲ್ಲ, ನಾನೇ ಬರೆಯುವುದು. ಉತ್ತರ ಬಂದು ಹದಿನೈದು ದಿನವಾಯಿತು. ವಕೀಲ ಚಿದಾನಂದಪ್ಪನವರ ಕಡೆ ಓದಿಸಿದೆ. ಯಂತ್ರ ಇನ್ನೂ ಪರೀಕ್ಷೆಯಲ್ಲಿದೆಯಂತೆ. ಗಡ್ಡೆ ಕಣ್ಣು ಹೋಗುವಷ್ಟು ಬೆಳೆದ ಮೇಲೆ ಜಾಗ ಸಿಕ್ಕರೂ ಏನೂ ಮಾಡಲಿಕ್ಕಾಗದಂತೆ. ಆ ಕಾಗದ ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ದಿನಾ ಬಾಗಿಲಿಗೆ ಹೋಗಿ ಬಂದು ಸುಳ್ಳು ಹೇಳುತ್ತೇನೆ. ಹೇಳಬೇಕೋ ಬೇಡವೋ ತಿಳಿಯದಾಗಿದೆ. ಸುಗ್ಗಿ ಬಿಟ್ಟು ಬರ್ರಿ ಬಾವಾ, ನನ್ನೊಬ್ಬಳ ಕೈಗೇ ಜಗ್ಗುತ್ತಿದೆ. ಪೆನ್ನಿನ ಸದ್ದು ಕೇಳಿ ಇವರು, "ಇನ್ನೂ ಏನ್ ಬರಿಯಾಕತ್ತಿ?" ಅಂದರು. ವಿಳಾಸ ಅಂದೆ. "ನಮ್ಮೂರ ವಿಳಾಸ ಅಷ್ಟುದ್ದ ಇಲ್ಲ" ಅಂದು ಗೋಡೆಯ ಕಡೆ ತಿರುಗಿದರು.